ನಡಿಗೆ ಕೊಡುವ ಆಟ

ಸೆಪ್ಟೆಂಬರ್ 4

ಅಣ್ಣಾ,

ಫೋನಿನಲ್ಲಿ ಮಾತಿಗೆ ಇಳಿದರೆ ನಾವಿಬ್ಬರೂ ಕಿರುಚಾಟದಲ್ಲೇ ಮುಗಿಸುತ್ತೇವೆ, ಆದ್ದರಿಂದ ಮಗಳ ವಿಷಯ ಏನಿದ್ದರೂ ಕಾಗದದಲ್ಲೇ ಇರಲಿ ಎಂದು ಅತ್ತಿಗೆ ಆಜ್ಞೆ ಹೊರಡಿಸಿದ್ದಾರಲ್ಲ, ಇಗೋ ಮೊದಲನೆಯದು.

ನಿನ್ನ ಮಗಳು ಜೀರಿಗೆ ಚೆನ್ನಾಗಿದ್ದಾಳೆ. ನೀನು ಅವಳನ್ನು ಲಾರಿಯ ಮುಂದಿನ ಸೀಟಿನಲ್ಲಿ ಕೂರಿಸಿ, ಸುತ್ತಲೂ ದಿಂಬು ತುರುಕಿ, ಪಿಂಗಾಣಿ ಸಾಮಾನಿನ ಹಾಗೆ ತಂದು ನನ್ನ ಬಾಗಿಲಲ್ಲಿ ಇಳಿಸಿದ್ದೆಯಲ್ಲ, ಆ ದಿಂಬುಗಳಿಗೆ ಈಗ ನಾನು ಒರಗುತ್ತಿದ್ದೇನೆ. ಅವಳಿಗೆ ಬೇಡವಂತೆ. "ಅಪ್ಪ ನನ್ನನ್ನ ಪ್ಯಾಕ್ ಮಾಡಿದ್ರು ಅತ್ತೆ" ಎಂದು ಶಾಲೆಯಲ್ಲೆಲ್ಲ ಹೇಳಿಕೊಂಡು ನಗುತ್ತಾಳೆ.

ಡಾನ್ಸ್ ಕಲಿಸಲು ಶಾಲೆಯಲ್ಲಿ ನನಗೆ ಸಿಕ್ಕಿರುವ ಹಾಲ್ ಮಕ್ಕಳು ಊಟ ಮಾಡುವ ಹಾಲ್. ಬೆಂಚುಗಳನ್ನು ಗೋಡೆಗೆ ತಳ್ಳಿ, ಚೆಲ್ಲಿದ್ದನ್ನು ಒರೆಸಿ, ಆಮೇಲೆ ಡಾನ್ಸ್. ಕ್ಲಾಸಿನಲ್ಲಿ ಕಣ್ಣು ಕಾಣದ ಒಬ್ಬಳಿದ್ದಾಳೆ, ಮಾತೇ ಆಡದ ಒಬ್ಬನಿದ್ದಾನೆ, ಅರೆಕ್ಷಣ ನಿಲ್ಲಲಾರದ ಇನ್ನೊಬ್ಬನಿಗೆ ರಾಕೆಟ್ ಎಂದೇ ಹೆಸರು. ಕಾಲಿಗೆ ಆಸರೆಯ ಕ್ಯಾಲಿಪರ್ ಕಟ್ಟಿಕೊಂಡು ವಾಕರ್ ತಳ್ಳುವ ನಿನ್ನ ಮಗಳು ಇವರೆಲ್ಲರ ನಡುವೆ ವಿಶೇಷವೇನೂ ಅಲ್ಲ. ಈ ಶಾಲೆಗೆ ಕರೆಸಿಕೊಂಡಿದ್ದೇ ಅದಕ್ಕೆ.

ಡಿಸೆಂಬರ್ ರಜೆಯ ಹೊತ್ತಿಗೆ ಅವಳು ಇಲ್ಲೇ ಇರಬೇಕೋ ವಾಪಸು ಬರಬೇಕೋ ನಾನೇ ತೀರ್ಮಾನಿಸುತ್ತೇನೆ ಎಂದು ನೀನು ಹೇಳಿದ್ದೆ. ಒಪ್ಪಿದ್ದೇನೆ. ನನ್ನ ಕೆಲಸಕ್ಕೂ ಗ್ಯಾರಂಟಿ ಅಲ್ಲಿಯ ತನಕ ಮಾತ್ರ. ಒಟ್ಟಿನಲ್ಲಿ ಅತ್ತೆ ಸೊಸೆ ಇಬ್ಬರೂ ಪರೀಕ್ಷೆಗೆ ಕೂತಿದ್ದೇವೆ.

ನಿನ್ನ ತಂಗಿ


ಸೆಪ್ಟೆಂಬರ್ 15

ತಂಗೀ,

ನಿನ್ನ ಕಾಗದದಲ್ಲಿ ದಿಂಬು ಇದೆ, ಬೆಂಚು ಇದೆ, ಒರೆಸುವ ಬಟ್ಟೆಯೂ ಇದೆ. ಡಾನ್ಸ್ ಎಲ್ಲಿ? ಯಾವ ಹೆಜ್ಜೆ ಕಲಿಸಿದೆ, ಅವಳಿಗೆ ಎಷ್ಟು ಬಂತು, ಬಿದ್ದಳಾ, ಎದ್ದಳಾ, ಒಂದೂ ಇಲ್ಲ.

ನಾನು ಓದಿದವನಲ್ಲ. ಜನರ ಬೀರು ಮಂಚಗಳನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲು ಹತ್ತಿಯೇ ಮೇಲೆ ಬಂದವನು. ಈಗ ಮನೆ ಸಾಗಿಸುವುದಕ್ಕೆ ಸ್ವಂತ ಲಾರಿಗಳಿವೆ, ಹೊರುವುದಕ್ಕೆ ಹುಡುಗರಿದ್ದಾರೆ, ಆದರೆ ಮುಚ್ಚಿದ ಪೆಟ್ಟಿಗೆಯನ್ನು ಒಂದು ಮೂಲೆ ಎತ್ತಿ ನೋಡಿದರೆ ಸಾಕು, ಭಾರ ಯಾವ ಕಡೆ ಇದೆ ಎಂದು ಹೇಳಬಲ್ಲೆ. ನಿನ್ನ ಕಾಗದದ ಭಾರವೆಲ್ಲ ಬರೆಯದೆ ಬಿಟ್ಟ ಕಡೆ ಇದೆ.

ನಿನ್ನ ಅತ್ತಿಗೆ ಪಕ್ಕದಲ್ಲೇ ನಿಂತು, "ಮೊದಲು ಹುಷಾರಾಗಿದ್ದೀಯಾ ಅಂತ ಕೇಳ್ರೀ, ಆಮೇಲೆ ಜಗಳ ಆಡಿ" ಎನ್ನುತ್ತಿದ್ದಾಳೆ. ಹುಷಾರಾಗಿದ್ದೀಯಾ? ಸರಿ. ಈಗ ಹೇಳು, ಯಾವ ಹೆಜ್ಜೆ?

ನಾವಿಲ್ಲಿ ಆರಾಮ. ಮನೆ ಸ್ವಲ್ಪ ದೊಡ್ಡದಾದ ಹಾಗೆ ಕಾಣುತ್ತದೆ, ಅಷ್ಟೇ.

ಅಣ್ಣ


ಸೆಪ್ಟೆಂಬರ್ 29

ಅಣ್ಣಾ,

ಹೆಜ್ಜೆ ಇಲ್ಲ. ನಾನು ಹೆಜ್ಜೆಯನ್ನೇ ಕಲಿಸುವುದಿಲ್ಲ. ಒಂದು ಹೆಜ್ಜೆ ತೋರಿಸಿದೆ ಎಂದಿಟ್ಟುಕೋ, ಆ ಕ್ಷಣಕ್ಕೇ ಕ್ಲಾಸು ಎರಡು ಪಾಲಾಗುತ್ತದೆ, ಬಂದವರು ಮತ್ತು ಬಾರದವರು. ಅದಕ್ಕೇ ನಾನು ಪ್ರಶ್ನೆ ಕೊಡುತ್ತೇನೆ. ನಿನ್ನ ಮೊಣಕೈಗೆ ಈ ಕೋಣೆಯಲ್ಲಿ ಎಲ್ಲಿಗೆ ಹೋಗಬೇಕು ಅನ್ನಿಸುತ್ತಿದೆ? ಬೆನ್ನಿನಿಂದ ಬಾಗಿಲು ತೆಗೆಯುವುದು ಹೇಗೆ? ಪಕ್ಕದವನನ್ನು ಮುಟ್ಟದೆ ಅವನನ್ನು ಜರುಗಿಸು, ನೋಡೋಣ. ಉತ್ತರ ಅವರವರ ಮೈಯಲ್ಲಿರುವುದೇ. ಕಣ್ಣು ಕಾಣದ ಹುಡುಗಿಯ ಉತ್ತರ ನೋಡಿ ನಾನೇ ಮನೆಯಲ್ಲಿ ಕಣ್ಣು ಮುಚ್ಚಿ ಅದನ್ನೇ ಮಾಡಿ ನೋಡಿದ್ದೇನೆ.

ನಿನ್ನ ಮಗಳು ಈಗ ಕ್ಲಾಸಿನಲ್ಲಿ ಕ್ಯಾಲಿಪರ್ ಬಿಚ್ಚಿಡು ಎನ್ನುತ್ತಾಳೆ. ಫಿಸಿಯೋ ಮೇಡಂರನ್ನು ಕೇಳಿದೆ, ನೆಲದ ಮೇಲಿರುವಷ್ಟು ಹೊತ್ತು ತೊಂದರೆಯಿಲ್ಲ ಎಂದರು. ಕೈಗಳ ಮೇಲೆ ಮೈ ಎತ್ತಿ, ಸೊಂಟ ಹೊರಳಿಸಿ, ಆ ಮೂಲೆಯಿಂದ ಈ ಮೂಲೆಗೆ ಬರುತ್ತಾಳೆ. ರಾಕೆಟ್ ಅವಳಿಗಿಂತ ಮುಂಚೆ ಬರಲು ಹೋಗಿ ಬೆಂಚಿಗೆ ತಲೆ ಚಚ್ಚಿಕೊಂಡ.

ಬಿದ್ದಳಾ ಎಂದು ಕೇಳಿದ್ದೆ. ನನ್ನ ಕ್ಲಾಸಿನಲ್ಲಿ ಬೀಳುವುದೂ ಒಂದು ಪಾಠ. ಎಲ್ಲರೂ ಬೀಳುತ್ತಾರೆ.

ತಂಗಿ


ಅಕ್ಟೋಬರ್ 9

ತಂಗೀ,

ಕಾಗದವನ್ನು ಗಟ್ಟಿಯಾಗಿ ಓದಿದೆ. ನಿನ್ನ ಅತ್ತಿಗೆ ಕೇಳಿ, "ನೆಲದ ಮೇಲೆ ಹೊರಳಾಡೋಕೆ ಅಷ್ಟು ದೂರ ಯಾಕೆ ಕಳಿಸಿದ್ವಿ? ಇಲ್ಲೇ ಹೊರಳಾಡ್ತಿದ್ಲಲ್ಲ, ಬೈಯೋಕೆ ನಾನಾದ್ರೂ ಇದ್ದೆ" ಎಂದಳು. ಆಮೇಲೆ ಒಳಗೆ ಹೋಗಿ ತುಂಬ ಹೊತ್ತು ಬರಲಿಲ್ಲ.

ನನ್ನ ಚಿಂತೆ ನೆಲದ್ದಲ್ಲ, ಜನರದ್ದು. ನಮ್ಮ ಬೀದಿಯ ಮಕ್ಕಳು ಅವಳ ಬೆನ್ನ ಹಿಂದೆ ಸಾಲಾಗಿ, ಅವಳ ಹಾಗೇ ಕಾಲು ತಿರುಚಿಕೊಂಡು ನಡೆಯುತ್ತ ಬಂದದ್ದು ನಿನಗೆ ಗೊತ್ತು. ಅವಳು ತಿರುಗಿ ನೋಡಿದಾಗ ನಿಂತುಬಿಡುತ್ತಿದ್ದರು, ಮುಂದೆ ನೋಡಿದ ತಕ್ಷಣ ಮತ್ತೆ ಶುರು. ನಾನು ಹಗ್ಗ ಹಿಡಿದು ಅಟ್ಟಿಸಿಕೊಂಡು ಹೋದೆ. ಅವತ್ತಿನಿಂದ ಮೂಲೆ ಅಂಗಡಿಗೂ ಅವಳನ್ನು ಲಾರಿಯಲ್ಲೇ ಕರೆದುಕೊಂಡು ಹೋಗಿದ್ದೇನೆ. ಪೆನ್ಸಿಲ್ ತರಲು ಲಾರಿ ನಿಲ್ಲಿಸುವ ಗಂಡಸು ಎಂದು ಅಂಗಡಿಯವನು ಈಗಲೂ ನಗುತ್ತಾನೆ. ನಗಲಿ.

ಒಂದೇ ಪ್ರಶ್ನೆ, ನೇರ ಉತ್ತರ ಕೊಡು. ಅಲ್ಲಿ ಅಂಥ ಮಕ್ಕಳು ಇದ್ದಾರಾ?

ಅಣ್ಣ


ಅಕ್ಟೋಬರ್ 17

ಅಣ್ಣಾ,

ಇಲ್ಲ. ಅಂಥವರು ಯಾರೂ ಇಲ್ಲ.

ಒಳ್ಳೆಯ ಸುದ್ದಿ ಬೇರೆ ಇದೆ. ಹೆಡ್ ಮೇಡಂ ಬಂದು ನಮ್ಮ ಕ್ಲಾಸು ನೋಡಿದರು. ಟರ್ಮ್ ಕೊನೆಯ ಕಾರ್ಯಕ್ರಮಕ್ಕೆ ನಮ್ಮದೇ ಮುಖ್ಯ ಐಟಂ, ಜೀರಿಗೆಯೇ ಮುಂದೆ ನಿಲ್ಲಬೇಕು ಎಂದಿದ್ದಾರೆ. "ಬರೋ ಅತಿಥಿಗಳ ಕಣ್ಣಲ್ಲಿ ನೀರು ಬರಬೇಕು ಮೇಡಂ" ಎಂದರು. ಕಣ್ಣೀರು ಬರಿಸುವುದು ನನ್ನ ಪಾಠದಲ್ಲಿಲ್ಲ ಎನ್ನಬೇಕೆಂದುಕೊಂಡೆ. "ಆಗಲಿ ಮೇಡಂ" ಎಂದೆ. ಕೆಲಸ ಕಾಯಂ ಆಗುವ ಮಾತೂ ಅದರ ಜೊತೆಗೇ ಬಂತು.

ಬೆಂಚು ತಳ್ಳುವ ಹೊತ್ತಾಯಿತು. ಖುಷಿಗೆ ನನ್ನ ಕಾಲು ಒಂದು ಕಡೆ ನಿಲ್ಲುತ್ತಿಲ್ಲ. ಉಳಿದದ್ದು ಆಮೇಲೆ.

ತಂಗಿ


ಅಕ್ಟೋಬರ್ 25

ತಂಗೀ,

ಡಿಸೆಂಬರ್ ಎರಡನೇ ವಾರ ಆ ಕಡೆಗೆ ನಮ್ಮ ಲಾರಿ ಬರುತ್ತದೆ. ಜೀರಿಗೆಯ ಬಟ್ಟೆ, ಪುಸ್ತಕ ಕಟ್ಟಿ ಇಟ್ಟಿರು. ಇಲ್ಲಿ ಒಂದು ಶಾಲೆ ನೋಡಿದ್ದೇನೆ. ಅವಳಂಥ ಮಕ್ಕಳು ಮಾತ್ರ ಇರುತ್ತಾರೆ. ಕೂತುಕೊಂಡೇ ಸಂಗೀತ ಕಲಿಸುತ್ತಾರೆ.

ಕಾರ್ಯಕ್ರಮಕ್ಕೆ ಅವಳನ್ನು ನಿಲ್ಲಿಸಬೇಡ. ಅವಳಿಗೆ ಈಗಲೇ ಏನೂ ಹೇಳಬೇಡ.

ಅಣ್ಣ


ಅಕ್ಟೋಬರ್ 31

ಅಣ್ಣಾ,

ಏನಾಯಿತು ನಿನಗೆ? ತಮಾಷೆಯಿಲ್ಲದ ಕಾಗದ ನಿನ್ನಿಂದ ಹುಟ್ಟಿದ್ದನ್ನು ನಾನು ನೋಡಿಯೇ ಇಲ್ಲ. ಯಾರ ಕೈಲೋ ಬರೆಸಿದೆಯಾ ಎಂದು ಅಕ್ಷರ ಹಿಡಿದು ಹಿಡಿದು ನೋಡಿದೆ.

ಮೊಣಕಾಲಿನ ವಿಷಯ ಗೊತ್ತಾಯಿತು, ಅಲ್ಲವೇ? ಫಿಸಿಯೋ ಮೇಡಂ ಅತ್ತಿಗೆಗೆ ಫೋನ್ ಮಾಡಿರಬೇಕು. ಸರಿ, ಬಿದ್ದಳು. ಸೆಪ್ಟೆಂಬರ್‌ನಲ್ಲಿ. ಮೊಣಕಾಲು ಊದಿತ್ತು, ಒಂದು ವಾರದಲ್ಲಿ ಇಳಿಯಿತು. ಬರೆದಿದ್ದರೆ ನೀನು ಅವತ್ತೇ ಲಾರಿ ತಿರುಗಿಸಿಕೊಂಡು ಬರುತ್ತಿದ್ದೆ, ಅದಕ್ಕೇ ಬರೆಯಲಿಲ್ಲ. ಊದಿದ ಕಾಲನ್ನು ಅವಳು ಎಲ್ಲರಿಗೂ ತೋರಿಸಿಕೊಂಡು ಮೆರೆದಳು. ಎಲ್ಲರಿಗಿಂತ ದೊಡ್ಡ ಊತ ತನ್ನದೇ ಎಂದು.

ಅದಲ್ಲವಾದರೆ ಅತ್ತಿಗೆ ಅತ್ತರಾ? ಅತ್ತಿಗೆಗೆ ಬೇಕಾದರೆ ಬಂದು ನನ್ನ ಜೊತೆ ಇರಲಿ, ನನ್ನ ಹಾಸಿಗೆ ಬಿಟ್ಟುಕೊಡುತ್ತೇನೆ. ಅದೂ ಅಲ್ಲವಾದರೆ ಇನ್ನೇನು? ಕೂತುಕೊಂಡೇ ಸಂಗೀತವಂತೆ! ಆ ಹುಡುಗಿಯ ದನಿ ನೀನು ಕೇಳಿದ್ದೀಯಾ? ಲಾರಿಯ ಹಾರ್ನ್ ನಿನ್ನಿಂದ ಅವಳಿಗೇ ಬಂದಿದೆ.

ಅವಳಿಗೆ ಏನೂ ಹೇಳಿಲ್ಲ. ಹೇಳದೆ ಅವಳ ಮುಖ ನೋಡುವುದು ಕಷ್ಟವಾಗುತ್ತಿದೆ. ಬೇಗ ಬರೆ.

ತಂಗಿ


ನವೆಂಬರ್ 15

ಅಣ್ಣಾ,

ಎರಡು ವಾರ ಕಳೆಯಿತು. ಮೆಟ್ಟಿಲ ಮೇಲೆ ಸದ್ದಾದರೆ ಅಂಚೆಯವನೇನೋ ಎಂದು ಓಡುತ್ತೇನೆ. "ಅತ್ತೆ, ನಿಂಗೆ ಯಾರು ಕಾಗದ ಬರೀತಾರೆ?" ಎಂದು ಜೀರಿಗೆ ಕಣ್ಣು ಮಿಟುಕಿಸುತ್ತಾಳೆ. ನಿನ್ನ ಅಪ್ಪ ಎಂದರೆ ನಂಬುವುದಿಲ್ಲ.

ಬೈದಾದರೂ ಬರೆ.

ತಂಗಿ


ನವೆಂಬರ್ 19

ತಂಗೀ,

ಮೊಣಕಾಲು ನನಗೆ ಗೊತ್ತಿರಲಿಲ್ಲ. ನೀನೇ ಹೇಳಿ ಸಿಕ್ಕಿಬಿದ್ದೆ. ಇರಲಿ, ಅದು ಚಿಕ್ಕ ಪೆಟ್ಟಿಗೆ. ದೊಡ್ಡದನ್ನು ಬಿಚ್ಚುತ್ತೇನೆ.

ಅಕ್ಟೋಬರ್ 22ರಂದು ನಾನು ನಿನ್ನ ಶಾಲೆಗೆ ಬಂದಿದ್ದೆ. ಯಾರದೋ ಮನೆಯ ಸಾಮಾನು ಆ ಕಡೆಗೆ ಹೋಗುವುದಿತ್ತು, ಹುಡುಗರನ್ನು ಇಳಿಸಿ ನಾನೇ ಸ್ಟೀರಿಂಗ್ ಹಿಡಿದು ಬಂದೆ. ಹೇಳದೆ ಬಂದು ನಿಂತರೆ ಮಗಳು ಕುಣಿದಾಡುತ್ತಾಳೆ ಎಂದು ಆಸೆ. ಗೇಟಿನವನು ಹಾಲ್ ತೋರಿಸಿದ. ಬಾಗಿಲಲ್ಲಿ ಒಂದು ಗಾಜು ಇದೆಯಲ್ಲ, ಅದರಲ್ಲಿ ನೋಡಿದೆ.

ನನ್ನ ಮಗಳು ವಾಕರ್ ತಳ್ಳಿಕೊಂಡು ಮುಂದೆ ಮುಂದೆ ಹೋಗುತ್ತಿದ್ದಳು. ಅವಳ ಹಿಂದೆ ಇಡೀ ಕ್ಲಾಸು, ಸಾಲಾಗಿ. ಎಲ್ಲರೂ ಮೊಣಕಾಲು ಒಳಕ್ಕೆ ತಿರುಚಿ, ಪಾದ ಎಳೆದು, ಭುಜ ಕುಣಿಸುತ್ತ, ಅವಳ ಹಾಗೇ. ನಿಂತಲ್ಲಿ ನಿಲ್ಲದ ಒಬ್ಬ, ಅವನೇ ನಿನ್ನ ರಾಕೆಟ್ ಇರಬೇಕು, ಎಲ್ಲರಿಗಿಂತ ಚೆನ್ನಾಗಿ ಮಾಡುತ್ತಿದ್ದ. ನೀನು ಮೂಲೆಯಲ್ಲಿ ನಿಂತು ಚಪ್ಪಾಳೆಯ ತಾಳ ಹಾಕುತ್ತಿದ್ದೆ.

ನನ್ನ ಒಡಹುಟ್ಟಿದವಳು ತಾಳ ಹಾಕುತ್ತಿದ್ದಳು.

ಬಾಗಿಲು ಒಡೆದು ಒಳಗೆ ಬರಬೇಕಿತ್ತು. ಬರಲಿಲ್ಲ. ಬೀರು ಹೊತ್ತ ಬೆನ್ನು ಇದು, ಆ ಹೊತ್ತಿಗೆ ಒಂದು ಹಿಡಿಕೆ ತಿರುಗಿಸಲು ಕೈ ಬರಲಿಲ್ಲ. ವಾಪಸು ಹೋಗಿ ಲಾರಿಯಲ್ಲಿ ಕೂತೆ. ನಿನ್ನ ಅತ್ತಿಗೆಗೂ ಹೇಳಿಲ್ಲ. ಮಗಳು ಹೇಗಿದ್ದಾಳೆ ಎಂದು ಅವಳು ಕೇಳಿದರೆ, ಬೆಳೆದಿದ್ದಾಳಂತೆ ಎನ್ನುತ್ತೇನೆ.

ಅಂಥ ಮಕ್ಕಳು ಇಲ್ಲ ಎಂದು ಬರೆದಿದ್ದೆಯಲ್ಲ. ಆ ಒಂದು ಸಾಲಿಗೆ ಏನು ಹೇಳುತ್ತೀ?

ಅಣ್ಣ


ನವೆಂಬರ್ 24

ಅಣ್ಣಾ,

ಆ ಸಾಲು ಸುಳ್ಳು. ಉಳಿದದ್ದು ನೀನು ತಿಳಿದುಕೊಂಡ ಹಾಗಲ್ಲ. ಸ್ವಲ್ಪ ತಾಳ್ಮೆಯಿಂದ ಓದು, ನಿನಗೆ ಅಭ್ಯಾಸವಿಲ್ಲ ಎಂದು ಗೊತ್ತು.

ಅಕ್ಟೋಬರ್ ಮೊದಲ ವಾರ ಕಾರಿಡಾರಿನಲ್ಲಿ ರಾಕೆಟ್ ಅವಳ ಹಾಗೆ ನಡೆದು ತೋರಿಸಿ ನಾಲ್ಕು ಜನರನ್ನು ನಗಿಸಿದ. ನಾನು ಕಣ್ಣಾರೆ ಕಂಡೆ. ಕಿವಿ ಹಿಂಡಬಹುದಿತ್ತು. ಹಿಂಡಿದ್ದರೆ ಅದೇ ಆಟ ನಾನಿಲ್ಲದ ಜಾಗಕ್ಕೆ ಹೋಗುತ್ತಿತ್ತು. ಅದಕ್ಕೇ ಮಾರನೆಯ ದಿನ ಕ್ಲಾಸಿನಲ್ಲಿ ಹೊಸ ಆಟ ತಂದೆ. ನಡಿಗೆ ಕೊಡುವ ಆಟ. ಒಬ್ಬರು ಮುಂದೆ ಹೋಗಿ ತಮ್ಮ ನಡಿಗೆ ಕೊಡಬೇಕು, ಉಳಿದವರು ಅದನ್ನು ಮೈಗೆ ತೆಗೆದುಕೊಳ್ಳಬೇಕು. ಭಾರ ಎಲ್ಲಿ ಬೀಳುತ್ತದೆ, ಉಸಿರು ಎಲ್ಲಿ ನಿಲ್ಲುತ್ತದೆ, ಎಲ್ಲ ಸರಿಯಾಗಿ. ಮೊದಲು ರಾಕೆಟ್‌ನನ್ನೇ ಮುಂದೆ ಬಿಟ್ಟೆ. ತನ್ನ ಓಟವನ್ನು ಎಲ್ಲರೂ ಓಡಿದ್ದು ಕಂಡು ಅವನಿಗೆ ಅಳುವೇ ಬಂತು. "ನಾನು ಹಿಂಗಾ ಮಿಸ್ ಇರೋದು?" ಎಂದ. ಆಮೇಲೆ ಮಾತಾಡದ ಹುಡುಗ ಕೊಟ್ಟ, ಕಣ್ಣು ಕಾಣದವಳು ಕೊಟ್ಟಳು. ಆಮೇಲೆ ಜೀರಿಗೆ.

ಅವಳದನ್ನು ತೆಗೆದುಕೊಂಡವರು ಹಾಲಿನ ಆ ತುದಿ ಮುಟ್ಟುವ ಹೊತ್ತಿಗೆ ಬೆವರಿ ನೆಲಕ್ಕೆ ಕೂತರು. ರಾಕೆಟ್ ಅವಳ ಪಕ್ಕ ಕುಸಿದು, "ದಿನಾ ಹಿಂಗೇ ಬರ್ತೀಯಾ? ಮೆಟ್ಟಿಲೂ?" ಎಂದು ಕೇಳಿದ. "ಮೆಟ್ಟಿಲು ಇದಕ್ಕಿಂತ ಸುಲಭ ಕಣೋ, ಹಿಡ್ಕೊಳೋಕೆ ಕಂಬಿ ಇರುತ್ತೆ" ಎಂದಳು ನಿನ್ನ ಮಗಳು. ಕಾರಿಡಾರಿನ ಆಟ ಅವತ್ತಿಗೆ ನಿಂತಿತು.

ನೀನು ಗಾಜಿನಲ್ಲಿ ಕಂಡದ್ದು ಅದನ್ನೇ. ಒಂದೇ ಒಂದು ಹಿಡಿಕೆ ತಿರುಗಿಸಿದ್ದರೆ ನಿನ್ನ ನಡಿಗೆಯನ್ನೂ ಕೇಳುತ್ತಿದ್ದೆ.

ಅವಳನ್ನು ಕರೆದುಕೊಂಡು ಹೋಗಬೇಡ.

ತಂಗಿ


ನವೆಂಬರ್ 30

ತಂಗೀ,

ಕಾಗದವನ್ನು ಈ ಸಲ ಗಟ್ಟಿಯಾಗಿ ಓದಲಿಲ್ಲ. ಒಬ್ಬನೇ ಗೋದಾಮಿನಲ್ಲಿ ಕೂತು ಓದಿದೆ. ಆಮೇಲೆ ಶಟರ್ ಇಳಿಸಿ, ಅವಳ ಹಾಗೆ ನಡೆಯಲು ನೋಡಿದೆ. ಯಾರಿಗೂ ಹೇಳಬೇಡ. ಗೋಡೆ ಹಿಡಿದುಕೊಂಡು ನಿಂತೆ. ಹುಟ್ಟಿದಾಗಿನಿಂದ ಎತ್ತಿಕೊಂಡು ಬಂದೆ, ಒಮ್ಮೆಯಾದರೂ ಆ ಕಾಲಿನಲ್ಲಿ ನಿಂತು ನೋಡಿರಲಿಲ್ಲ.

ನಂಬಿದೆ. ಆದರೆ ನಾನು ವ್ಯಾಪಾರಸ್ಥ, ನಂಬಿದ ಮೇಲೂ ಎರಡು ಪ್ರಶ್ನೆ ಕೇಳುವುದು ನನ್ನ ಚಾಳಿ.

ಒಂದು. ನೀನು ಹೇಳುವ ಆಟ ಅಕ್ಟೋಬರ್ ಮೊದಲ ವಾರದ್ದು. ನಾನು ನೋಡಿದ್ದು 22ರಂದು. ಆಗಲೂ ಅವಳೇ ಮುಂದೆ ಇದ್ದಳು. ಹೆಡ್ ಮೇಡಂಗೆ ತೋರಿಸಿದಾಗಲೂ ಅವಳೇ ಇದ್ದಿರಬೇಕು, ಕಾರ್ಯಕ್ರಮಕ್ಕೂ ಅವಳೇ. ರಾಕೆಟ್‌ನ ಸರದಿ, ಮಾತಾಡದವನ ಸರದಿ ಆಮೇಲೆ ಯಾಕೆ ಬರಲಿಲ್ಲ? ಅಂಗಡಿಯವರು ಹೊಳೆಯುವ ಸಾಮಾನನ್ನು ಬಾಗಿಲಿಗೆ ಇಡುತ್ತಾರೆ. ಅದು ಸಾಮಾನಿನ ಮೇಲಿನ ಪ್ರೀತಿಗಲ್ಲ.

ಎರಡು. ನಾನು ಅವಳನ್ನು ಕೇಳದೆ ವಾಪಸು ಕರೆಸುತ್ತಿದ್ದೇನೆ. ನೀನು ಅವಳನ್ನು ಕೇಳಿಯೇ ಮುಂದೆ ನಿಲ್ಲಿಸಿದೆಯಾ?

ಲಾರಿ ಬರುವುದು ಬರುತ್ತದೆ. ತುಂಬಿಕೊಂಡು ಹೋಗುವುದೋ ಇಲ್ಲವೋ, ಅವಳನ್ನು ಕೇಳಿ ಬರೆ. ನನ್ನ ಪರವಾಗಿಯೂ ಅಲ್ಲ, ನಿನ್ನ ಪರವಾಗಿಯೂ ಅಲ್ಲ.

ಅಣ್ಣ


ಡಿಸೆಂಬರ್ 5

ಅಣ್ಣಾ,

ನಿನ್ನ ಕಾಗದ ಓದಿ ಒಂದು ದಿನ ನಿನ್ನನ್ನು ಚೆನ್ನಾಗಿ ಬೈದೆ. ಪಾತ್ರೆ ತೊಳೆಯುತ್ತ ಬೈದೆ, ಬಸ್ಸಿನಲ್ಲಿ ನಿಂತು ಬೈದೆ. ಮಾರನೆಯ ದಿನ ಬೈಯಲು ಏನೂ ಉಳಿದಿರಲಿಲ್ಲ.

ಕೇಳಿದೆ. ಹಾಸಿಗೆಯ ಮೇಲೆ ಕೂತು ಕ್ಯಾಲಿಪರಿನ ಪಟ್ಟಿ ಬಿಚ್ಚುತ್ತಿದ್ದಳು. ಅಪ್ಪ ವಾಪಸು ಕರೆಯುತ್ತಿದ್ದಾರೆ, ಹೋಗ್ತೀಯಾ, ಇರ್ತೀಯಾ ಎಂದೆ.

"ಕಾರ್ಯಕ್ರಮದಲ್ಲಿ ನಾನೇ ಮುಂದೆ ನಿಲ್ಲಬೇಕಾ?"

"ಹೂಂ, ಹೆಡ್ ಮೇಡಂ ಹೇಳಿದ್ದಾರಲ್ಲ."

"ಹಂಗಾದ್ರೆ ಹೋಗ್ತೀನಿ."

ಅವಳೇ ಮುಂದುವರಿಸಿದಳು. "ಮೊದಲನೇ ಸಲ ಚೆನ್ನಾಗಿತ್ತು ಅತ್ತೆ. ಎರಡನೇ ಸಲಾನೂ. ಈಗ ದಿನಾ ನಂದೇ ನಡಿಗೆ. ನಂಗೂ ಬೇರೆಯವರದ್ದು ತಗೋಬೇಕು ಅನ್ಸುತ್ತೆ. ರಾಕೆಟ್ ಥರ ಕೈಯಾಡಿಸಿಕೊಂಡು ಹೋಗ್ಬೇಕು. ಮುಂದೆ ನಿಂತ್ರೆ ಯಾರೂ ಕಾಣಲ್ಲ. ನೀನೊಬ್ಳೇ ಕಾಣ್ತೀಯ, ಅಳೋ ಮುಖ ಮಾಡ್ಕೊಂಡು."

ಹಿಂದಿನ ಸಾಲಾದರೆ ಇರ್ತೀಯಾ ಎಂದೆ. "ಸಾಲೇ ಬೇಡ" ಎಂದಳು.

ಇವತ್ತು ಹೆಡ್ ಮೇಡಂ ಕೋಣೆಗೆ ಹೋಗಿ, ಯಾರೂ ಮುಂದೆ ನಿಲ್ಲುವುದಿಲ್ಲ, ಸಾಲೂ ಇಲ್ಲ ಎಂದೆ. "ಹಾಗಾದ್ರೆ ಅತಿಥಿಗಳು ಯಾರನ್ನ ನೋಡ್ಬೇಕು?" ಎಂದರು. ಅವರಿಗೆ ಇಷ್ಟ ಬಂದವರನ್ನು ಎಂದೆ. ಕಾರ್ಯಕ್ರಮದಿಂದ ನಮ್ಮ ಐಟಂ ತೆಗೆದರು. ಕೆಲಸ ಕಾಯಂ ಆಗುವ ಮಾತನ್ನು ಮುಂದಿನ ಟರ್ಮಿಗೆ ನೋಡೋಣ ಎಂದರು. ಕ್ಲಾಸು ಮಾತ್ರ ಇದೆ, ಊಟದ ಹಾಲಿನಲ್ಲಿ, ಎಂದಿನ ಹಾಗೆ.

ನಿನ್ನ ಎರಡೂ ಪ್ರಶ್ನೆಗೆ ಉತ್ತರ ಸಿಕ್ಕಿತೆಂದುಕೊಳ್ಳುತ್ತೇನೆ. ಅವಳು ಇರುತ್ತೇನೆ ಎನ್ನುತ್ತಾಳೆ. ಬಂದು ನೋಡಿ ಆಮೇಲೆ ತೀರ್ಮಾನಿಸು. ಹದಿಮೂರಕ್ಕೆ ಕ್ಲಾಸಿದೆ. ಬಾಗಿಲಿಗೆ ಚಿಲಕ ಹಾಕಿರುವುದಿಲ್ಲ.

ತಂಗಿ


ಡಿಸೆಂಬರ್ 15

ತಂಗೀ,

ಮೊನ್ನೆ ಕ್ಲಾಸಿಗೆ ಬಂದಾಗ ಲಾರಿ ಹೊರಡುವ ಆತುರದಲ್ಲಿ ನಿನ್ನ ಜೊತೆ ನೆಟ್ಟಗೆ ಮಾತಾಡಲಾಗಲಿಲ್ಲ. ಮಾತಾಡಿದ್ದರೂ ಜಗಳವೇ ಆಗುತ್ತಿತ್ತು, ಬಿಡು. ಅವಳ ಸಾಮಾನು ಅಲ್ಲೇ ಇರಲಿ. ಇಲ್ಲಿಯ ಶಾಲೆಗೆ ಬರುವುದಿಲ್ಲ ಎಂದು ಹೇಳಿಬಿಟ್ಟೆ. ನಿನ್ನ ಅತ್ತಿಗೆಗೆ ಅಕ್ಟೋಬರಿನ ಕಥೆಯನ್ನೂ ಹೇಳಿದೆ. "ನನ್ನನ್ನ ಬಿಟ್ಟು ನೋಡಿ ಬಂದ್ರಾ?" ಎಂದು ಎರಡು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಮುಂದಿನ ತಿಂಗಳು ಅವಳೇ ಬಂದು ನಿನ್ನ ಹಾಸಿಗೆ ಹಿಡಿಯುತ್ತಾಳಂತೆ, ತಯಾರಾಗಿರು.

ನೀನು ನನ್ನನ್ನು ಕಂಡದ್ದು ಆಟ ಮುಗಿದ ಮೇಲೆ. ಅದಕ್ಕೂ ಮುಂಚೆಯೇ ನಾನು ಒಳಗೆ ಬಂದು ಬೆಂಚುಗಳ ಹಿಂದೆ ನಿಂತಿದ್ದೆ. ನಿನ್ನ ಬೆನ್ನು ಈ ಕಡೆಗಿತ್ತು. ನೀನು ಪರದೆ ಎಳೆದು ಹಾಲ್ ಅರ್ಧ ಮಬ್ಬು ಮಾಡಿದ್ದೆ. ಮಕ್ಕಳೆಲ್ಲ ನೆಲದ ಮೇಲೆ, ಒಬ್ಬರ ಕಾಲು ಇನ್ನೊಬ್ಬರ ತೋಳು ಸೇರಿ, ಒಂದೇ ದೊಡ್ಡ ಪ್ರಾಣಿಯ ಹಾಗೆ ಉಸಿರಾಡುತ್ತ ಹೊರಳುತ್ತಿದ್ದರು. ಎಲ್ಲರಿಗೂ ಒಂದೇ ಬಣ್ಣದ ಅಂಗಿ.

ಜನಜಂಗುಳಿಯಲ್ಲಿ ನನ್ನ ಮಗಳನ್ನು ನಾನು ಹುಡುಕಿದವನೇ ಅಲ್ಲ. ಬೀದಿಯ ಆ ತುದಿಯಿಂದ ನೋಡಿದರೂ ಗೊತ್ತಾಗುತ್ತದೆ, ಇಡೀ ಬೀದಿಯೇ ಅವಳತ್ತ ನೋಡುತ್ತಿರುತ್ತದೆ. ಮೊನ್ನೆ ಹುಡುಕಿದೆ. ಒಂದು ಜಡೆ ಕಂಡು ಇವಳೇ ಎಂದುಕೊಂಡೆ, ಅಲ್ಲ. ಒಂದು ಪಾದ ಹೊರಗೆ ಬಂತು, ಸ್ವಲ್ಪ ತಿರುಚಿಕೊಂಡಿತ್ತು, ಇದೇ ಎಂದು ಒಂದು ಹೆಜ್ಜೆ ಮುಂದಿಟ್ಟೆ. ಆ ಪಾದದ ಯಜಮಾನ ತಲೆಯೆತ್ತಿದ, ರಾಕೆಟ್. ಎಲ್ಲೋ ನಡುವಿನಿಂದ ಅವಳ ನಗು ಕೇಳುತ್ತಿತ್ತು, ಆದರೆ ಯಾವ ಮೈಯಿಂದ ಬರುತ್ತಿದೆ ಎಂದು ತಿಳಿಯಲಿಲ್ಲ.

ಕೂಗಿದರೆ ತಿರುಗುತ್ತಿದ್ದಳು. ಕೂಗಲಿಲ್ಲ. ಹುಡುಕುತ್ತ ನಿಂತೆ.

ಅಣ್ಣ